ಎಡಗಡೆಯ ಕುರ್ಚಿ

ಮಸ್ಕತ್ತಿನ ರೂವಿಯ ಬಸ್ ನಿಲ್ದಾಣದ ಪಕ್ಕದ ಪಾರ್ಕಿಂಗಿನಲ್ಲಿ, ಇಡೀ ಒಮಾನಿನ ಬಿಸಿಲು ಬೇರೆಲ್ಲೂ ಜಾಗ ಸಿಗದೆ ತನ್ನೊಬ್ಬನ ಕಾರಿನ ಮೇಲೇ ಬಂದು ಕೂತಿದೆ ಎಂದುಕೊಳ್ಳುತ್ತ, ಗೋಪಾಲಕೃಷ್ಣ ಬೆವರಿದ್ದ ಬಲಗಿವಿಯಿಂದ ಫೋನು ತೆಗೆದು ಎಡಗಿವಿಗಿಟ್ಟುಕೊಂಡ. ಆ ಕ್ಷಣ ಹಾಡು ಇಳಿಯಿತು. ಹಾಡೆಂದರೆ ಹಾಡಲ್ಲ, ಸಲಾಲಾದ ಉತ್ಸವಕ್ಕೆ ಹೋಗುವ ತನ್ನ ವಾದ್ಯವೃಂದದ ಮಕ್ಕಳಿಗೆ ಟಿಕೆಟ್ಟು ಮಾಡಿಸಲು ವಿಮಾನದ ಕಂಪನಿಗೆ ಫೋನು ಮಾಡಿದರೆ, ಕಾಯಿರಿ ಎಂದು ಹೇಳಿ, ಸತ್ತವರೂ ಎದ್ದು ಓಡಿಹೋಗುವಂಥ ಒಂದು ಪಿಯಾನೋ ರಾಗ ಹಚ್ಚಿಬಿಟ್ಟಿದ್ದರು. ಅದು ಬಲಗಿವಿಯಲ್ಲಿ ಒಂದು ಶ್ರುತಿಯಲ್ಲಿತ್ತು. ಎಡಗಿವಿಯಲ್ಲಿ ಅದೇ ರಾಗ ಕಾಲು ಜಾರಿದವರ ಹಾಗೆ ಕೆಳಗೆ ಕೂತಿತ್ತು. ಕಂಪನಿಯವರು ಬೇರೆ ಹಾಡು ಹಾಕಿರಬೇಕು ಎಂದುಕೊಂಡ. ಫೋನನ್ನು ಬಲಕ್ಕೆ ತಂದ. ಏರಿತು. ಎಡಕ್ಕೆ ತಂದ. ಇಳಿಯಿತು. ಮತ್ತೆ ಬಲ, ಮತ್ತೆ ಎಡ. ಪಕ್ಕದ ಟ್ಯಾಕ್ಸಿಯ ಡ್ರೈವರ್ ಗಾಜು ಇಳಿಸಿ, ಈ ಮನುಷ್ಯ ತನ್ನ ತಲೆಯ ಎರಡು ಬದಿಗೂ ಫೋನಿನಿಂದ ಮಂಗಳಾರತಿ ಎತ್ತುತ್ತಿರುವುದನ್ನು ನೋಡಿ, ಗಾಜು ಏರಿಸಿಕೊಂಡ. ಅಷ್ಟರಲ್ಲಿ ಕಂಪನಿಯ ಹುಡುಗಿ ಲೈನಿಗೆ ಬಂದು, "ನಿಮಗೆ ಹೇಗೆ ಸಹಾಯ ಮಾಡಲಿ ಸರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಡಗಿವಿಗೆ ಅವಳು ಗಂಡಸಿನ ಹಾಗೆ ಕೇಳಿಸಿದಳು. ಗೋಪಾಲಕೃಷ್ಣ ಫೋನು ಇಟ್ಟುಬಿಟ್ಟ.

ಗೋಪಾಲಕೃಷ್ಣನ ಕಿವಿ ಎಂದರೆ ಏನು ಸಾಮಾನ್ಯವೇ! ಮಸ್ಕತ್ತಿನಲ್ಲಿ, ಮಸ್ಕತ್ ಯಾಕೆ, ಅರಬ್ಬೀ ಸಮುದ್ರದ ಎರಡು ದಡಗಳಲ್ಲಿ ಅಂಥ ಕಿವಿ ಇನ್ನೊಂದಿರಲಿಲ್ಲ. ಮೈಸೂರಿನಲ್ಲಿ ಓದುವಾಗಲೇ ಮೂರು ಬೀದಿಯಾಚೆ ಕೂಗುವ ಕುಕ್ಕರಿನ ಸೀಟಿ ಯಾವ ಸ್ವರವೆಂದು ಹೇಳುತ್ತಿದ್ದ. ಹೇಳಿದ್ದಷ್ಟೇ ಅಲ್ಲ, ಆ ಮನೆಯ ಅನ್ನ ಬೆಂದಿಲ್ಲವೆಂದೂ ಹೇಳುತ್ತಿದ್ದನಂತೆ. ಅವನ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತ ಹಿರಿಯ ವಿದ್ವಾಂಸರು ಕೆಮ್ಮಬೇಕಾದರೂ ಶ್ರುತಿ ನೋಡಿಕೊಂಡು ಕೆಮ್ಮುತ್ತಿದ್ದರು. ಅಲ್ ಅಮೇರಾತ್‌ನ ಬೋಳು ಗುಡ್ಡದ ಬುಡದಲ್ಲಿರುವ ಕಮ್ಯೂನಿಟಿ ಕಾಲೇಜಿಗೆ ಸಂಗೀತದ ಮೇಷ್ಟ್ರಾಗಿ ಬಂದ ಮೇಲಂತೂ ಆ ಕಿವಿಗೆ ಕಾಲೇಜಿನ ಬಿಲ್ಡಿಂಗಿಗಿಂತ ಹೆಚ್ಚು ಹೆಸರು ಬಂತು. ಅರಬ್ಬರ ತಂತಿವಾದ್ಯ ಊದ್ ಹಿಡಿದ ಒಮಾನಿ ಹುಡುಗರು, ಕೊಳಲಿನ ಮಲಯಾಳಿ ಹುಡುಗ, ಪಿಟೀಲಿನ ತುಳು ಹುಡುಗಿ ಭವ್ಯಶ್ರೀ, ಕೀಬೋರ್ಡಿನ ಹಿಂದೆ ಕಾಂಟ್ರಾಕ್ಟಿನ ಮೇಲೆ ಬಂದ ಸಹಾಯಕ ಮಂಗಳೂರಿನ ಆಲನ್, ಹೀಗೆ ಒಂದಕ್ಕೊಂದು ಹೊಂದದವರನ್ನೆಲ್ಲ ಗುಡ್ಡೆ ಹಾಕಿ, ಆ ಗುಡ್ಡೆಯ ಎದುರು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬಲಗಡೆಯ ಮೇಜಿನ ಮೇಲೆ ಶ್ರುತಿಪೆಟ್ಟಿಗೆ. ಎಡಗಡೆ, ಕೈಯಳತೆಯಲ್ಲಿ, ಸೋಲೋ ನುಡಿಸುವವರ ಒಂಟಿ ಕುರ್ಚಿ. ಯಾರನ್ನಾದರೂ ಪರೀಕ್ಷೆ ಮಾಡಬೇಕೆಂದರೆ ಎಡಗಿವಿಯನ್ನೇ ಮುಂದೆ ಮಾಡಿ ಬಾಗುತ್ತಿದ್ದ, ಏಕೆಂದರೆ ಪಿಟೀಲನ್ನು ಹೆಗಲಿಗಿಟ್ಟುಕೊಂಡ ಕಾಲದಿಂದ ಅದು ಆ ಕಿವಿಗೇ ಅಂಟಿಕೊಂಡು ಬೆಳೆದದ್ದು. ಅದು ಸಂಗೀತ ಕುಡಿದ ಕಿವಿ, ಬಲಗಿವಿ ಬರೀ ಕೂಗು ಕೇಳುವ ಕಿವಿ. ಆ ಸಂಗೀತವೇ ಇಷ್ಟು ವರ್ಷ ಆ ಕಿವಿಯನ್ನು ಕುಡಿಯುತ್ತಿತ್ತು ಎಂದು ಯಾರು ಹೇಳಬೇಕಿತ್ತು? ತಾನೇ ಪಿಟೀಲು ನುಡಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇನ್ನು ತಾನು ನುಡಿಸುವವನಲ್ಲ, ನುಡಿಸುವವರನ್ನು ತಿದ್ದುವವನು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಯಾಕೆ ಬಿಟ್ಟೆ ಎಂಬುದು ಈಗ, ಈ ಬೇಯುವ ಕಾರಿನಲ್ಲಿ, ಕಾಲಿನ ಹೆಬ್ಬೆರಳಿನಿಂದ ಮೇಲಕ್ಕೆ ತಣ್ಣಗೆ ಏರತೊಡಗಿತು. ತನ್ನ ಪಿಟೀಲೇ ತನಗೆ ಹಿಡಿಸದಾಗಿತ್ತು. ತಂತಿ ಕೆಟ್ಟಿದೆ, ಮರ ಕೆಟ್ಟಿದೆ, ಈ ಊರಿನ ಎ.ಸಿ. ಗಾಳಿಗೆ ಪಿಟೀಲು ಸತ್ತುಹೋಯಿತು ಎಂದು ಅದನ್ನು ಮಂಚದ ಕೆಳಗೆ ತಳ್ಳಿದ್ದ.

ಹೆಂಡತಿ ದಮಯಂತಿ ಹೇಳಿದ್ದಳು. "ನಾನು ಎಡಗಡೆ ಮಲಗಿ ಮಾತಾಡಿದ್ರೆ ನಿಮ್ಮಿಂದ ಉತ್ತರಾನೇ ಬರಲ್ಲ. ಬಲಗಡೆ ಬಂದ್ರೆ ಬೈತೀರ. ಅಷ್ಟೇ ವ್ಯತ್ಯಾಸ." ಅವಳ ಮಾತಿಗೆ ಅವನು ಏನಂದಿದ್ದ? "ನಿನ್ನ ದನಿಗೆ ಉತ್ತರ ಕೊಡೋಷ್ಟು ಅದರಲ್ಲಿ ಏನಿರುತ್ತೆ?" ಅವಳು ಅವತ್ತಿನಿಂದ ಬಲಗಡೆಗೇ ಮಲಗುತ್ತಿದ್ದಳು, ಗೋಡೆಗೆ ಮುಖ ಮಾಡಿ. ಆದರೆ ಈಗ ಅವನ ಕಣ್ಣಿಗೆ ಕಟ್ಟಿದ್ದು ದಮಯಂತಿಯಲ್ಲ, ಭವ್ಯಶ್ರೀ. ಕಳೆದ ಗುರುವಾರ. ಮೋಹನ ರಾಗವನ್ನು ಒಮಾನಿ ಡೋಲಿನ ತಾಳಕ್ಕೆ ಕಟ್ಟಿ ಅವನೇ ಮಾಡಿದ ರಚನೆ. ಸಲಾಲಾದ ಮಳೆಗಾಲದ ಉತ್ಸವದಲ್ಲಿ ದೇಶದ ಕಾಲೇಜುಗಳೆಲ್ಲ ನುಡಿಸುವಲ್ಲಿ ಈ ಕಾಲೇಜಿನ ಮಾನ ಅದರ ಮೇಲೆ ನಿಂತಿತ್ತು. ಸೋಲೋ ನುಡಿಸಿದವರಲ್ಲಿ ಒಬ್ಬರನ್ನು ಮುಂದಿನ ಓದಿಗೆ ಹೊರದೇಶಕ್ಕೆ ಕಳಿಸುತ್ತಾರೆಂದು ಗೊತ್ತಾದ ದಿನದಿಂದ ಭವ್ಯಶ್ರೀ ಊಟಕ್ಕೆ ಕೂತಾಗಲೂ ಎಡಗೈ ಬೆರಳುಗಳನ್ನು ತೊಡೆಯ ಮೇಲೆ ಓಡಿಸುತ್ತಿದ್ದಳು. ಅವಳು ಎಡಗಡೆಯ ಕುರ್ಚಿಯಲ್ಲಿ ಕೂತು ಗಾಂಧಾರ ಹಿಡಿದಳು. ಅವನು ಕಣ್ಣು ಮುಚ್ಚಿದ್ದವನು ಮುಖ ಹಿಂಡಿದ. "ಇಳಿದಿದೆ." ಅವಳು ಮತ್ತೆ ನುಡಿಸಿದಳು. "ಇಳಿದಿದೆ ಅಂದೆ." ಮತ್ತೆ. ಅವಳು ಗಾಬರಿಯಿಂದ ತನ್ನ ಫೋನು ತೆಗೆದು, ಶ್ರುತಿ ತೋರಿಸುವ ಆಪ್ ಹಚ್ಚಿ, ಹಸಿರು ದೀಪ ಹೊತ್ತಿದ್ದನ್ನು ಅವನತ್ತ ಹಿಡಿದಳು. "ಸರ್, ಟ್ಯೂನರ್ ಕರೆಕ್ಟ್ ತೋರಿಸ್ತಾ ಉಂಟು." ಅಷ್ಟೇ ಅವಳು ಮಾಡಿದ ಅಪರಾಧ. ಆ ಹಸಿರು ದೀಪ ನೋಡಿದ್ದೇ ಅವನ ತಲೆಯೊಳಗೆ ಒಂದು ಊರು ಹೊತ್ತಿ ಉರಿಯಿತು.

"ಓಹೋ! ಹಾಗಾದ್ರೆ ಇವತ್ತಿನಿಂದ ಆ ಫೋನಿಗೇ ನಮಸ್ಕಾರ ಮಾಡಿ ಪಾಠ ಹೇಳಿಸ್ಕೊ ತಾಯಿ. ನಾನ್ಯಾಕಿರ್ಬೇಕು? ನಾನು ಹೋಗಿ ರೂವಿಯಲ್ಲಿ ಚಪ್ಪಲಿ ಮಾರ್ತೀನಿ." ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದ, ಒಮಾನಿ ಹುಡುಗರಿಗೂ ನಗು ಸಿಗಲಿ ಎಂದು. ಅವರು ನಕ್ಕರು. ಆಮೇಲೆ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ತಂತಿಯ ಮೇಲೆ ಮೇಲಕ್ಕೆ ತಳ್ಳಿದ. ಏರಿಸು. ಇನ್ನೂ ಏರಿಸು. ಇನ್ನೂ. ಎಡಗಿವಿಗೆ ತಂಪಾದಲ್ಲಿ ನಿಲ್ಲಿಸಿ, "ಇದು ಗಾಂಧಾರ. ನೀನು ಇಷ್ಟು ದಿನ ನುಡಿಸಿದ್ದು ಕೊಳೆತ ಬದನೆಕಾಯಿ. ಇದು ಮೈಗೆ ಹತ್ತಿದ ದಿನ ಬಾ, ಅಲ್ಲಿವರೆಗೆ ಮುಖ ತೋರಿಸ್ಬೇಡ," ಎಂದು ಕಳಿಸಿದ್ದ. ವಿಭಾಗದ ಮುಖ್ಯಸ್ಥೆ ಸುಹೈಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊದ್ ನುಡಿಸುವ ಮನೆತನದಿಂದ ಬಂದ ಒಮಾನಿ ಹೆಂಗಸು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ, "ನನಗೇನೋ ಆ ಹುಡುಗಿಯ ಸ್ವರ ಸರಿಯಾಗೇ ಕೇಳಿಸಿತು," ಎಂದಳು. ಅವನು ನಕ್ಕು, "ಮೇಡಂ, ನಿಮ್ಮ ಸಂಗೀತದಲ್ಲಿ ಎರಡು ಸ್ವರದ ನಡುವೆ ಸಿಕ್ಕಿಕೊಂಡ ಸ್ವರಗಳಿಗೂ ಗೌರವ ಉಂಟು. ನಮ್ಮಲ್ಲಿ ಅವಕ್ಕೆ ವೀಸಾ ಸಿಗಲ್ಲ," ಎಂದಿದ್ದ. ಸುಹೈಲಾಳ ಮುಖ ಕೆಂಪಾಗಿತ್ತು. ಎಂಥ ಮಾತು ಹೇಳಿದೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ವಾದಿ ಅದೈನ ಕಣಿವೆಯಲ್ಲಿ ಕಾರು ಏರುವಾಗ ಎರಡು ಬದಿಯ ಸುಟ್ಟ ಬಂಡೆಗಳು ಅವನ ಎರಡು ಕಿವಿಗಳ ಹಾಗೆ ಎದುರುಬದುರು ನಿಂತಿದ್ದವು. ಭವ್ಯಶ್ರೀ ಒಬ್ಬಳೇ ಅಲ್ಲ. ಆ ಕುರ್ಚಿ ಎಷ್ಟು ಜನರನ್ನು ನುಂಗಿತ್ತು! ಕಾಲೇಜಿನಲ್ಲಿ ಅದಕ್ಕೊಂದು ಪುರಾಣವೇ ಹುಟ್ಟಿಕೊಂಡಿತ್ತು. ಎರಡನೇ ಸಾಲಿನಲ್ಲಿ ಗಂಧರ್ವರ ಹಾಗೆ ನುಡಿಸಿದವರು ಆ ಕುರ್ಚಿಗೆ ಬಂದ ಕೂಡಲೇ ಕತ್ತೆಗಳಾಗುತ್ತಾರೆ ಎಂದು. ಪ್ರಥಮ್ ಎಂಬ ಬೆಂಗಳೂರಿನ ಹುಡುಗ, ಕೊಳಲಿನವನು, ಆ ಕುರ್ಚಿಯಿಂದ ಎದ್ದು ಹೋಗಿ ಅಕೌಂಟ್ಸ್ ಕೋರ್ಸಿಗೆ ಸೇರಿದ. ಅದಕ್ಕೂ ಹಿಂದೆ ಡೀನಾ. ಗೋವೆಯ ಹುಡುಗಿ, ಚರ್ಚಿನಲ್ಲಿ ಹಾಡುವವಳು. "ನಿನ್ನ ದೇವರು ದಯಾಳು ಇರ್ಬೇಕು, ಕೇಳಿಸ್ಕೋತಾನೆ. ನನಗೆ ಅಷ್ಟು ದಯೆ ಇಲ್ಲ," ಎಂದು ಅವಳಿಗೆ ಹೇಳಿದ್ದ. ಆಮೇಲೆ ಅವಳು ಚರ್ಚಿನಲ್ಲೂ ಬಾಯಿ ತೆರೆಯುವುದಿಲ್ಲವೆಂದು ಆಲನ್ ಒಮ್ಮೆ ಹೇಳಿದ್ದ. ಸುಮ್ಮನೆ, ಕೀಬೋರ್ಡಿಗೆ ಬಟ್ಟೆ ಹೊದಿಸುತ್ತ. ಆಗ ಗೋಪಾಲಕೃಷ್ಣನಿಗೆ ಒಳಗೊಳಗೇ ಹಿತವಾಗಿತ್ತು. ಒಂದು ಮಾತಿನಿಂದ ಒಂದು ಗಂಟಲನ್ನು ಮುಚ್ಚುವಷ್ಟು ಶಕ್ತಿ ತನ್ನಲ್ಲಿದೆಯೆಂದು.

ಹೇಳಿಬಿಡುವುದು. ಇವತ್ತೇ. ಸುಹೈಲಾಳ ಎದುರು, ಮಕ್ಕಳ ಎದುರು. "ತಪ್ಪು ನನ್ನದು. ಭವ್ಯಶ್ರೀ ಸರಿಯಾಗಿ ನುಡಿಸಿದ್ದಳು. ನನ್ನ ಎಡಗಿವಿ ಹೋಗಿದೆ." ಮೂರು ಸಣ್ಣ ಮಾತು. ಆದರೆ ಗೋಪಾಲಕೃಷ್ಣನ ಬಾಯಲ್ಲಿ ಸಣ್ಣ ಮಾತು ಸಣ್ಣದಾಗಿ ಉಳಿದದ್ದುಂಟೇ? ಕಣಿವೆಯ ಮೊದಲ ತಿರುವಿಗೇ ಅದು ಭಾಷಣವಾಯಿತು. ಎರಡನೆಯ ತಿರುವಿಗೆ ಮಕ್ಕಳು ಅಳತೊಡಗಿದರು. ಮೂರನೆಯ ತಿರುವಿಗೆ ಸುಹೈಲಾ ಎದ್ದು ನಿಂತು, ಇಂಥ ಸತ್ಯವಂತನನ್ನು ಒಮಾನ್ ಕಂಡಿಲ್ಲ ಎಂದಳು. ಭವ್ಯಶ್ರೀ ಕಾಲಿಗೆ ಬಿದ್ದಳು, ಅವನು ಅವಳನ್ನು ಎತ್ತಿ ನಿಲ್ಲಿಸಿದ. ಗುಡ್ಡದ ನೆತ್ತಿ ತಲುಪುವಷ್ಟರಲ್ಲಿ ಅವನ ಕಣ್ಣಲ್ಲಿ ನೀರೇ ಬಂದಿತ್ತು, ತನ್ನ ದೊಡ್ಡತನಕ್ಕೆ. ಆ ಕಡೆಯ ಇಳಿಜಾರಿನಲ್ಲಿ ಅಲ್ ಅಮೇರಾತ್‌ನ ಬಿಳಿ ಮನೆಗಳು, ಹಾರ್ಡ್‌ವೇರ್ ಅಂಗಡಿಗಳು, ಟೈರಿನ ಅಂಗಡಿಗಳು ಕಾಣಿಸಿದ ಕೂಡಲೇ ನೀರು ಆರಿತು. ಕಿವುಡ ಸಂಗೀತದ ಮೇಷ್ಟ್ರನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ಕೆಲಸ ಖಲಾಸ್ ಆದರೆ ವೀಸಾ ಖಲಾಸ್. ಮೈಸೂರಿಗೆ ಹೋಗಿ ಏನೆಂದು ಹೇಳುವುದು? ಆ ಊರಿನ ಸಂಗೀತದವರು ಕೆಮ್ಮಿ ತೋರಿಸಿ, "ಇದು ಯಾವ ಶ್ರುತಿ, ಹೇಳಿ ನೋಡೋಣ," ಎನ್ನುತ್ತಾರೆ.

ಕಾಲೇಜಿನ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಗೋಪಾಲಕೃಷ್ಣ ಯಾರ ಮುಖವನ್ನೂ ನೋಡದೆ, ಎರಡನೇ ಸಾಲಿನ ಇರ್ಫಾನಾಳನ್ನು ಕರೆದು ಎಡಗಡೆಯ ಕುರ್ಚಿಯಲ್ಲಿ ಕೂರಿಸಿದ. ಹೈದರಾಬಾದಿನ ಕಡೆಯ ಹುಡುಗಿ. ಪಿಟೀಲು ಮಧ್ಯಮ ದರ್ಜೆಯದು, ಆದರೆ ಸ್ವರಸ್ಥಾನದಲ್ಲಿ ಮಾತ್ರ ದರ್ಜಿಯ ಟೇಪು ಹಿಡಿದಷ್ಟು ಖಚಿತ. ಅವಳು ಆ ಕುರ್ಚಿಯ ಮೇಲೆ ಮುಳ್ಳಿದೆಯೋ ಎಂಬಂತೆ ತುದಿಗೆ ಕೂತು ಗಾಂಧಾರ ಹಿಡಿದಳು. ಇಳಿದಿತ್ತು. ಅವನು ಕತ್ತು ತಿರುಗಿಸಿ, ಬಲಗಿವಿ ಅವಳತ್ತ ಮಾಡಿದ. ಸ್ವರ ಎದ್ದು ಬಂದು ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಸದ್ದಿಲ್ಲದೆ ಕೂತಿತು. ಮತ್ತೆ ಎಡ. ಇಳಿಯಿತು. ಅವನು ಅಲ್ಲಿ ನಿಂತು ಕತ್ತನ್ನು ಆ ಕಡೆ ಈ ಕಡೆ ಆಡಿಸುವುದನ್ನು ಕಂಡು ಡೋಲಿನ ಹುಡುಗ ಅದು ತಾಳವೆಂದುಕೊಂಡು ಸಣ್ಣಗೆ ಬಾರಿಸತೊಡಗಿದ.

"ಸರಿ ಇದ್ದಾಳಾ ಸರ್ ಇರ್ಫಾನಾ?" ಕೀಬೋರ್ಡಿನ ಹಿಂದಿನಿಂದ ಆಲನ್ ಕನ್ನಡದಲ್ಲಿ ಕೇಳಿದ. ಆ ಹಾಲಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಈ ಹೊತ್ತಿನಲ್ಲಿ ಕನ್ನಡ ತಿಳಿದವರಿರಲಿಲ್ಲ.

"ಸರಿ ಇದ್ದಾಳೆ."

"ನನಗೂ ಹಾಗೇ ಕಂಡಿತು." ಆಲನ್ ಒಂದು ಕೀ ಒತ್ತಿ ಹಿಡಿದ. ಅದೇ ಗಾಂಧಾರ. "ಭವ್ಯಶ್ರೀಯೂ ಇದನ್ನೇ ನುಡಿಸಿದ್ದು ಸರ್. ನಾನು ಅವತ್ತು ಕೀಬೋರ್ಡಿನಲ್ಲಿ ಮೆಲ್ಲ ಒತ್ತಿ ನೋಡಿದ್ದೆ."

"ಅವತ್ತೇ ಹೇಳಬಹುದಿತ್ತಲ್ಲ?"

"ನಿಮಗಾ?" ಆಲನ್ ನಕ್ಕ. "ಎಂತ ಸರ್ ನೀವು! ನನಗೆ ಇಬ್ಬರು ಮಕ್ಕಳು."

ಆ ನಗು ಗೋಪಾಲಕೃಷ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ಅದರಲ್ಲಿ ಸ್ನೇಹವಿತ್ತು, ಅದೇ ಕೆಟ್ಟದ್ದು. ಇವನಿಗೆ ಗೊತ್ತು, ಇವನಿಗೆ ಅವತ್ತಿನಿಂದ ಗೊತ್ತು, ಬಹುಶಃ ಡೀನಾಳ ಕಾಲದಿಂದ ಗೊತ್ತು. ತನ್ನ ಕಿವಿಯ ಬಗ್ಗೆ ತನಗಿಂತ ಮೊದಲು ಬೇರೆಯವನಿಗೆ ಗೊತ್ತಿತ್ತು. ಹೆಂಡತಿಯ ವಿಷಯ ಗಂಡನಿಗೆ ಕಡೆಗೆ ತಿಳಿಯುವ ಹಾಗೆ. "ಆಲನ್," ಎಂದ, ದನಿ ಎಷ್ಟು ಮೃದುವಾಗಿತ್ತೆಂದರೆ ಬೆಣ್ಣೆ ಕೂಡ ನಾಚಬೇಕು. "ನಿನ್ನ ಕಾಂಟ್ರಾಕ್ಟಿಗೆ ನಾನು ಈ ತಿಂಗಳು ಸಹಿ ಹಾಕ್ಬೇಕಲ್ವಾ? ನೆನಪು ಮಾಡು. ಮರೆತುಬಿಡ್ತೀನಿ." ಆಲನ್ ಕೀಯಿಂದ ಬೆರಳು ತೆಗೆದ. ಗಾಂಧಾರ ನಿಂತಿತು. ಅವನ ಮುಖದ ನಗು ಮಾತ್ರ, ಆರಿಸಲು ಮರೆತ ದೀಪದ ಹಾಗೆ, ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಭವ್ಯಶ್ರೀಯ ಅಪ್ಪ ಕೊಗ್ಗ. ರೂವಿಯ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವ ಉಡುಪಿ ಕಡೆಯ ಮನುಷ್ಯ. ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೈಯಲ್ಲಿ ಹಲ್ವಾದ ಡಬ್ಬ ಹಿಡಿದು ನಿಂತಿದ್ದ. ಅವನ ಹಿಂದೆ, ಪಿಟೀಲಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು, ಭವ್ಯಶ್ರೀ. ಕೊಗ್ಗ ಅವನನ್ನು ಕಾರಿಡಾರಿನ ಮೂಲೆಗೆ ಕರೆದೊಯ್ದ. ಮಗಳಿಗೆ ಕೇಳಿಸದಷ್ಟು ದೂರಕ್ಕೆ, ಮತ್ತು ದುರದೃಷ್ಟಕ್ಕೆ, ಗೋಪಾಲಕೃಷ್ಣನ ಎಡಗಡೆಗೆ. ಗೋಪಾಲಕೃಷ್ಣ ಸುತ್ತಿ ಬಂದು ಅವನನ್ನು ಬಲಕ್ಕೆ ಹಾಕಿಕೊಂಡ.

"ಮಾಸ್ಟ್ರೇ, ಮೊದಲು ನಾನು ನಿಮ್ಮಲ್ಲಿ ಕ್ಷಮೆ ಕೇಳ್ಬೇಕು. ಆ ಫೋನು ತೋರಿಸಿದ್ದು ದೊಡ್ಡ ಅಧಿಕಪ್ರಸಂಗ ಆಯ್ತು. ನಾನು ಅವಳಿಗೆ ಚೆನ್ನಾಗಿ ಬೈದಿದ್ದೇನೆ. ಆ ಟ್ಯೂನರನ್ನು ಫೋನಿನಿಂದ ನಾನೇ ಕೂತು ತೆಗೆಸಿದೆ."

"ಅಯ್ಯೋ, ಅಷ್ಟೆಲ್ಲ ಯಾಕೆ..."

"ಇಲ್ಲ ಮಾರಾಯ್ರೇ, ಬೇಕು. ಗುರುಗಳ ಕಿವಿಗಿಂತ ಫೋನು ದೊಡ್ಡದಾ? ನಾನು ಸಂಗೀತ ಕಲಿತವನಲ್ಲ. ಆದರೂ ನೀವು ಹೇಳಿದ ಮೇಲೆ ನನಗೂ ಗೊತ್ತಾಗ್ಲಿಕ್ಕೆ ಶುರುವಾಯ್ತು. ಅವಳು ಹಳೆ ಅಭ್ಯಾಸದಲ್ಲಿ ನುಡಿಸಿದ್ರೆ ನನಗೀಗ ಕಿವಿ ಚುಚ್ಚುತ್ತದೆ. ಇಳಿದುಂಟು, ಇಳಿದುಂಟು ಅಂತ ಅಡಿಗೆಮನೆಯಿಂದ ಅವಳಮ್ಮ ಕುಸುಮ ಕೂಡ ಕೂಗಿ ಹೇಳ್ತಾಳೆ." ಕೊಗ್ಗ ಅಭಿಮಾನದಿಂದ ನಕ್ಕ. "ವಾರ ಇಡೀ ನಿದ್ದೆ ಬಿಟ್ಟು ಕೂತಳು. ನೀವು ಬೆರಳಿಟ್ಟು ತೋರಿಸಿದ ಜಾಗ ಉಂಟಲ್ಲ, ಅದನ್ನು ಬಿಡದೆ ಹಿಡಿದಳು. ಒಂದೇ ತೊಂದರೆ, ಶ್ರುತಿ ಹಾಕಿದ ಕೂಡಲೇ ಬೆರಳು ಹಳೆ ಜಾಗಕ್ಕೆ ಜಾರ್ತದಂತೆ. ಅದಕ್ಕೆ ಶ್ರುತಿಯನ್ನೇ ಬಂದ್ ಮಾಡಿ ಕಲಿತಳು. ಸಾಧನೆ ಅಂದ್ರೆ ಹಾಗೆ ಅಲ್ವಾ ಮಾಸ್ಟ್ರೇ? ಒಮ್ಮೆ ಕೇಳಿ. ಸಲಾಲಾಕ್ಕೆ ಕರ್ಕೊಂಡು ಹೋಗುದು ಬಿಡುದು ನಿಮ್ಮ ಇಚ್ಛೆ."

ಈಗ ಹೇಳು, ಎಂದಿತು ಒಳಗಿನದು. ಈ ಮನುಷ್ಯನಿಗೆ ಹೇಳು. ಹಲ್ವಾದ ಡಬ್ಬ ಇಸಿದುಕೊಳ್ಳುವ ಮೊದಲು ಹೇಳು. ಅವನು ಬಾಯಿ ತೆರೆದ. ಕೊಗ್ಗನ ಕಣ್ಣಲ್ಲಿ ಒಂದು ದೇವಸ್ಥಾನವೇ ಇತ್ತು; ಗರ್ಭಗುಡಿಯಲ್ಲಿ ವಿಗ್ರಹದ ಜಾಗದಲ್ಲಿ ಒಂದು ಕಿವಿ. ಅದನ್ನು ಕೆಡವಲು ಕೈ ಬರಲಿಲ್ಲ. ಅಥವಾ, ಸರಿಯಾಗಿ ಹೇಳಬೇಕೆಂದರೆ, ಅಷ್ಟು ಚೆಂದದ ದೇವಸ್ಥಾನವನ್ನು ಒಂದು ಗಳಿಗೆ ಹೆಚ್ಚು ನೋಡೋಣವೆನ್ನಿಸಿತು. ಡಬ್ಬ ಇಸಿದುಕೊಂಡ. ಹಾಲಿನಲ್ಲೇ ಹೇಳುತ್ತೇನೆ, ಎಲ್ಲರೆದುರು, ಅದೇ ಸರಿ ಎಂದುಕೊಂಡ. ಒಳಗೆ ಬಂದಾಗ ಸುಹೈಲಾ ಮುಂದಿನ ಸಾಲಿನಲ್ಲಿ ಬಂದು ಕೂತಿದ್ದಳು. "ಆ ಹುಡುಗಿಗೆ ಇನ್ನೊಂದು ಅವಕಾಶ ಕೊಡುತ್ತೀರಂತೆ. ಒಳ್ಳೆಯದು. ಸಲಾಲಾದ ಸೋಲೋ ಯಾರದೆಂದು ಇವತ್ತು ನಿರ್ಧಾರವಾಗಲಿ," ಎಂದಳು. ಆ ಮಾತಿನಲ್ಲಿ ಅವತ್ತಿನ ಕೆಂಪು ಇನ್ನೂ ಆರಿರಲಿಲ್ಲ.

ಇರ್ಫಾನಾ ಎದ್ದಳು, ಭವ್ಯಶ್ರೀ ಕೂತಳು. ವಾರದಲ್ಲಿ ಅವಳ ಮುಖ ಇಳಿದು ಕೆನ್ನೆಯ ಎಲುಬು ಕಾಣುತ್ತಿತ್ತು. ಎಡಗೈಯ ಬೆರಳ ತುದಿಗಳು ತಂತಿಯ ಗೆರೆ ಬಿದ್ದು ಕಪ್ಪಾಗಿದ್ದವು. ಗೋಪಾಲಕೃಷ್ಣ ಬಲಗಿವಿಯನ್ನು ಅವಳತ್ತ ತಿರುಗಿಸಿ ನಿಂತ. ಅವಳು ನುಡಿಸಲಿ, ಶುದ್ಧವಾಗಿ ಬರುತ್ತದೆ, ಆಗ ಹೇಳುತ್ತೇನೆ. ಮೊದಲೂ ಹೀಗೇ ಇತ್ತು, ಕೇಳದವನು ನಾನು. ಮಾತುಗಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಅವನು ಶ್ರುತಿಪೆಟ್ಟಿಗೆ ಹಚ್ಚಿದ. ಅವಳು ಕಮಾನು ಎಳೆದಳು.

ಗಾಂಧಾರ ಬಂತು. ಅದು ಶ್ರುತಿಯ ತಲೆಯ ಮೇಲೆ ಕಾಲಿಟ್ಟು, ಮೇಲೆ ಹೋಗಿ ನಿಂತಿತು. ಇಡೀ ಹಾಲಿಗೆ ಒಮ್ಮೆಲೇ ಹಲ್ಲು ಜುಮ್ಮೆಂದಿತು. ಊದ್ ಹಿಡಿದ ಹುಡುಗ ಕಣ್ಣು ಕಿರಿದು ಮಾಡಿದ. ಕೊಳಲಿನವನು ನೆಲ ನೋಡಿದ. ಭವ್ಯಶ್ರೀಯ ಬೆರಳು ಒಂದು ಕ್ಷಣ ಕೆಳಕ್ಕೆ, ಸರಿಯಾದ ಕಡೆಗೆ, ತಾನಾಗಿ ಜಾರಿತು. ಅವಳು ತುಟಿ ಕಚ್ಚಿ, ಅದನ್ನು ತಡೆದು, ಮೇಲಕ್ಕೆ ಎಳೆದು ನಿಲ್ಲಿಸಿದಳು. ಅದನ್ನು ಗೋಪಾಲಕೃಷ್ಣ ನೋಡಿದ. ಅವಳ ಮೈ ಸತ್ಯದ ಕಡೆ ವಾಲುತ್ತಿದೆ, ಅವಳು ಅವನಿಗಾಗಿ ಅದರ ಜುಟ್ಟು ಹಿಡಿದು ಎಳೆಯುತ್ತಿದ್ದಾಳೆ. ಒಂದು ಸ್ವರವಲ್ಲ, ಧೈವತವೂ ಏರಿತ್ತು, ರಿಷಭವೂ ಏರಿತ್ತು. ಒಂದು ವಾರದಲ್ಲಿ ಅವಳು ಇಡೀ ಮೋಹನವನ್ನು ಬುಡಸಮೇತ ಕಿತ್ತು ಎತ್ತರಕ್ಕೆ ನೆಟ್ಟಿದ್ದಳು. ಅವನಿಗೆ ತಿಳಿಯದಂತೆ ಕತ್ತು ತಿರುಗಿತು. ಎಡಗಿವಿ ಅವಳೆದುರಿಗೆ ಬಂತು. ಅಲ್ಲಿ ಮೋಹನ ನಿಂತಿತ್ತು, ಎಂಥ ಮೋಹನ! ಒಂದು ಕಲೆಯಿಲ್ಲ, ಒಂದು ಬಿರುಕಿಲ್ಲ. ಜನ್ಮದಲ್ಲಿ ಅವನು ಅಷ್ಟು ಶುದ್ಧವಾದ ಗಾಂಧಾರ ಕೇಳಿರಲಿಲ್ಲ. ಭೂಮಿಯ ಮೇಲೆ ಅವನ ಎಡಗಿವಿಯೊಂದಕ್ಕೇ ಅವಳು ನುಡಿಸುತ್ತಿದ್ದಳು, ಆ ಸತ್ತ ಕಿವಿಯೊಂದೇ ಅವಳನ್ನು ಮೆಚ್ಚಬಲ್ಲುದಾಗಿತ್ತು. ಬಾಗಿಲಲ್ಲಿ ನಿಂತ ಕೊಗ್ಗನೂ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ, ಮಗಳು ಗೆದ್ದಳೆಂದು.

ಅವಳು ಮುಗಿಸಿದಳು. ಯಾರೂ ಕೆಮ್ಮಲಿಲ್ಲ. ಸುಹೈಲಾ ನಿಧಾನವಾಗಿ ಎದ್ದು ಬಂದು, ಅವನ ಬಲಗಡೆಗೆ ನಿಂತು, ತಗ್ಗಿದ ದನಿಯಲ್ಲಿ ಹೇಳಿದಳು: "ಮಾಸ್ಟರ್, ನಾನು ನಿಮ್ಮ ಕ್ಷಮೆ ಕೇಳಬೇಕು. ಕಳೆದ ವಾರ ನಿಮ್ಮ ಮೇಲೆ ಅನುಮಾನಪಟ್ಟೆ. ಅವಳಿಗೆ ಶ್ರುತಿ ನಿಲ್ಲುವುದಿಲ್ಲವೆಂದು ಈಗ ನನಗೂ ಕೇಳಿಸಿತು. ನೀವು ಎಷ್ಟು ಮೊದಲೇ ಹಿಡಿದಿರಿ!"

ಹಿತವಾಯಿತು. ಏನೇ ಹೇಳಿ, ಹಿತವಾಯಿತು. ಬಾಯಾರಿ ಬಿದ್ದವನ ಗಂಟಲಿಗೆ ನೀರು ಹೊಯ್ದಷ್ಟು. ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದ್ದ ಮಾತುಗಳು ಒಂದೊಂದಾಗಿ ಹಿಂದಕ್ಕೆ ತಿರುಗಿ ಗಂಟಲಿನ ಕತ್ತಲೆಗೆ ಇಳಿದುಹೋದವು. ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ. ಅದೇ ಅವನಿಗೆ ಆಶ್ಚರ್ಯ. ಅವತ್ತು ಹೇಳಿದ ಸುಳ್ಳನ್ನು ಈ ಹುಡುಗಿ ರಾತ್ರಿ ಹಗಲು ದುಡಿದು ನಿಜ ಮಾಡಿ ತಂದು ಅವನ ಕೈಗೆ ಕೊಟ್ಟಿದ್ದಳು. "ಪರವಾಗಿಲ್ಲ ಮೇಡಂ," ಎಂದ. "ಕೆಲವನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕಾಯಬೇಕು." ಕೀಬೋರ್ಡಿನ ಹಿಂದೆ ಆಲನ್ ತನ್ನ ಕೈಗಳನ್ನೇ ನೋಡುತ್ತಿದ್ದ.

ಭವ್ಯಶ್ರೀ ಕತ್ತೆತ್ತಿದಳು. ಅವರಿಬ್ಬರ ಇಂಗ್ಲಿಷ್ ಮಾತು ಅವಳಿಗೆ ಪೂರ್ತಿ ಕೇಳಿಸಿರಲಿಲ್ಲ. ಅವಳ ಮುಖದಲ್ಲಿ ಪರೀಕ್ಷೆ ಬರೆದು ಮುಗಿಸಿದವರ ನಿರಾಳ.

"ಈಗ ಸರಿ ಆಯ್ತಲ್ಲ ಸರ್?"

"ಏರಿಹೋಯ್ತಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಬಾಗಿಲ ಕಡೆ ಅಪ್ಪನನ್ನು ನೋಡಿದಳು. ಕೊಗ್ಗನ ತಲೆಯಾಟ ನಿಂತುಹೋಗಿತ್ತು. ಅವನು ತನ್ನ ಕಿವಿಯನ್ನು ಕಿರುಬೆರಳಿನಿಂದ ತಿರುವಿಕೊಳ್ಳುತ್ತಿದ್ದ, ಒಳಗೆ ಏನೋ ಸಿಕ್ಕಿಕೊಂಡಿದೆ ಎಂಬಂತೆ. "ಹೌದು, ಹೌದು," ಎಂದ ಕೊನೆಗೆ, ಯಾರೂ ಕೇಳದಿದ್ದರೂ. "ಸ್ವಲ್ಪ ಏರಿದುಂಟು. ನನಗೂ ಕಂಡಿತು."

"ಎಷ್ಟು ಇಳಿಸ್ಲಿ ಸರ್?" ಅವಳು ಪಿಟೀಲನ್ನು ಮತ್ತೆ ಹೆಗಲಿಗೇರಿಸಿದಳು. ಬೆರಳು ತಂತಿಯ ಮೇಲೆ ಕಾಯುತ್ತಿತ್ತು, ಕೂದಲೆಳೆಯಷ್ಟು ಮೇಲೆ. "ಒಮ್ಮೆ ಹೇಳಿ ಸರ್. ನಾನು ಮಾಡ್ತೇನೆ. ಎಷ್ಟು ಅಂತ ಹೇಳಿದ್ರೆ ಸಾಕು."

ಎಷ್ಟೆಂದು ಅವನಿಗೆ ಗೊತ್ತಿತ್ತು. ಜಗತ್ತಿನಲ್ಲಿ ಯಾರಿಗೂ ಅಷ್ಟು ಖಚಿತವಾಗಿ ಗೊತ್ತಿರಲಿಲ್ಲ. ಮೊದಲು ಎಲ್ಲಿತ್ತೋ ಅಲ್ಲಿಗೆ; ಇಷ್ಟು ಹೇಳಿದ್ದರೆ ಸಾಕಿತ್ತು, ಆ ಹಸಿದ ಬೆರಳು ಒಂದೇ ನೆಗೆತಕ್ಕೆ ಮನೆ ಸೇರುತ್ತಿತ್ತು. ಆಮೇಲೆ ಅವಳು ಕೇಳುತ್ತಿದ್ದಳು, ಹಾಗಾದರೆ ಮೊದಲು ಸರಿ ಇತ್ತಾ ಸರ್ ಎಂದು. ಸುಹೈಲಾ ಅವನ ಬಲಕ್ಕೆ ನಿಂತೇ ಇದ್ದಳು.

"ಅದು ಹೇಳಿ ಬರೋದಲ್ಲ," ಎಂದ ಗೋಪಾಲಕೃಷ್ಣ, ತುಂಬ ಪ್ರೀತಿಯಿಂದ. "ಅದಕ್ಕೆ ಕಿವಿ ಬೇಕು. ಎಲ್ಲರಿಗೂ ಇರಲ್ಲ. ಅದರಲ್ಲಿ ನಿನ್ನ ತಪ್ಪೇನಿಲ್ಲ ಮಗು."

ಅವಳು ಕೇಳಿಸಿಕೊಂಡಳು. ಅಳಲಿಲ್ಲ. ತಲೆಯಾಡಿಸಿದಳು, ಬಹಳ ದಿನದಿಂದ ಬಿಡಿಸಲಾಗದ ಒಂದು ಲೆಕ್ಕಕ್ಕೆ ಉತ್ತರ ಸಿಕ್ಕಿದವರ ಹಾಗೆ. ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಕಮಾನಿನ ತುದಿಯ ತಿರುಪನ್ನು ಬಿಚ್ಚತೊಡಗಿದಳು, ಎಲ್ಲ ಪಿಟೀಲಿನವರೂ ಮಾಡುವ ಹಾಗೆ, ಕಮಾನಿಗೆ ಕಟ್ಟಿದ ಕುದುರೆ ಕೂದಲಿನ ಬಿಗಿ ಸಡಿಲಾಗಲೆಂದು. ಒಂದೆರಡು ಸುತ್ತು ಸಾಕಿತ್ತು. ಅವಳು ನಿಲ್ಲಿಸಲಿಲ್ಲ. ತಿರುಗಿಸಿದಳು, ತಿರುಗಿಸುತ್ತಲೇ ಹೋದಳು, ತಿರುಪು ಕಳಚಿ ಅಂಗೈಗೆ ಬಂದು, ಬಿಳಿ ಕೂದಲು ಕಮಾನಿನಿಂದ ಜೋಲಿ ಬಿದ್ದು ನೆಲಕ್ಕೆ ತಗಲುವವರೆಗೂ.